ಲೇಕ್ ಡಿಸ್ಟ್ರಿಕ್ಟ್‌ನಲ್ಲಿ ರಸ್ತೆ ಸೈಕಲ್ ಸವಾರಿ

ಲೇಕ್ ಡಿಸ್ಟ್ರಿಕ್ಟ್ ಇಂಗ್ಲೆಂಡಿನ ವಾಯವ್ಯ ಮೂಲೆಯ ಕಂಬ್ರಿಯ ಪ್ರಾಂತದಲ್ಲಿರುವ ಸರೋವರಗಳ ಹಾಗೂ ಬೆಟ್ಟಗಳ ಗ್ರಾಮೀಣ ಪ್ರದೇಶ. ಪಶ್ಚಿಮದಲ್ಲಿ ಐರಿಷ್ ಸಮುದ್ರದ ಕರಾವಳಿಯವರೆಗೆ ಚಾಚಿರುವ ಈ ಪ್ರದೇಶವು ಬ್ರಿಟನ್ನಿನ ರಸ್ತೆ ಸೈಕಲ್ ಸವಾರಿಯ ಪ್ರಮುಖ ನೆಲೆಗಳಲ್ಲೊಂದಾಗಿದೆ. ಇದನ್ನು 1951ರಲ್ಲಿ ರಾಷ್ಟ್ರೀಯ ಉದ್ಯಾನವೆಂದು ಘೋಷಿಸಲಾಯಿತು. 2017ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ತಾಣಗಳ ಪಟ್ಟಿಗೆ ಸೇರಿತು. ಇಲ್ಲಿನ ಮೋಟಾರು ರಸ್ತೆಗಳಲ್ಲಿ ಯಾವುದೂ 460 ಮೀಟರಿಗಿಂತ ಎತ್ತರಕ್ಕೆ ಹೋಗುವುದಿಲ್ಲ. ಆದರೂ ಹಾರ್ಡ್‌ನಾಟ್, ರೈನೋಸ್, ಹಾನಿಸ್ಟರ್ ಮೊದಲಾದ ಘಾಟಿಗಳು ಬ್ರಿಟನ್ನಿನ ಅತಿ ಕಠಿಣ ಏರುಗಳ ಸಾಲಿನಲ್ಲಿವೆ. ಇದಕ್ಕೆ ಕಾರಣ ಎತ್ತರವಲ್ಲ, ಕಡಿದಾದ ಏರು. ಮೋಟಾರು ವಾಹನಗಳ ಕಾಲಕ್ಕೆ ಬಹಳ ಮುಂಚೆ ಕಾಲ್ನಡಿಗೆಗೂ ಹೇರುಕುದುರೆಗಳಿಗೂ ಮೂಡಿದ ದಾರಿಗಳ ಮೇಲೆಯೇ ಇಲ್ಲಿನ ಹಲವು ಟಾರು ರಸ್ತೆಗಳು ಸಾಗುತ್ತವೆ.

ಭೂರಚನೆ ಮತ್ತು ರಸ್ತೆಗಳ ಸ್ವರೂಪ

ಹಿಮಯುಗದ ಹಿಮನದಿಗಳು ಈ ಪ್ರದೇಶದ ಕಣಿವೆಗಳನ್ನು ಕೊರೆದಿವೆ. ಕಣಿವೆಯ ತಳ ಅಗಲವಾಗಿ, ಬಹುಮಟ್ಟಿಗೆ ಸಮತಟ್ಟಾಗಿರುತ್ತದೆ. ಪಕ್ಕದ ಗೋಡೆಗಳು ಮಾತ್ರ ಥಟ್ಟನೆ ಮೇಲೇಳುತ್ತವೆ. ಕೊರೆದ ತಗ್ಗುಗಳಲ್ಲಿ ನೀರು ನಿಂತು ಉದ್ದನೆಯ, ಕಿರಿದಾದ ಸರೋವರಗಳಾಗಿವೆ. ಇವುಗಳಲ್ಲಿ ದೊಡ್ಡದಾದ ವಿಂಡರ್ಮಿಯರ್ ಇಂಗ್ಲೆಂಡಿನ ಅತಿ ದೊಡ್ಡ ನೈಸರ್ಗಿಕ ಸರೋವರ. ಇಂಗ್ಲೆಂಡಿನ ಅತ್ಯುನ್ನತ ಶಿಖರವಾದ ಸ್ಕಾಫೆಲ್ ಪೈಕ್ (978 ಮೀಟರ್) ಕೂಡ ಇಲ್ಲಿಯೇ ಇದೆ. ಬೆಟ್ಟಕ್ಕೆ ‘ಫೆಲ್’, ತೊರೆಗೆ ‘ಬೆಕ್’, ಬೆಟ್ಟದ ಮೇಲಿನ ಕೊಳಕ್ಕೆ ‘ಟಾರ್ನ್’ ಎನ್ನುವ ಸ್ಥಳೀಯ ಪದಗಳು ಪ್ರಾಚೀನ ನಾರ್ಸ್ ಭಾಷೆಯಿಂದ ಬಂದವು. ಸವಾರರು ಬಳಸುವ ನಕ್ಷೆಗಳಲ್ಲಿ ಈ ಪದಗಳೇ ಕಾಣುತ್ತವೆ.

ಇಲ್ಲಿಯೇ ಹುಟ್ಟಿ ಬೆಳೆದ ಕವಿ ವಿಲಿಯಂ ವರ್ಡ್ಸ್‌ವರ್ತ್ ಈ ಪ್ರದೇಶದ ಕುರಿತು ಬರೆದ ಮಾರ್ಗದರ್ಶಿ ಗ್ರಂಥದಲ್ಲಿ, ನಡುವಿನ ಬೆಟ್ಟಗಳಿಂದ ಹೊರಡುವ ಕಣಿವೆಗಳನ್ನು ಗಾಲಿಯ ಗುಂಬದಿಂದ ಹೊರಡುವ ಅರಗಳಿಗೆ ಹೋಲಿಸಿದ್ದಾರೆ. ಸೈಕಲ್ ಸವಾರನ ದೃಷ್ಟಿಯಿಂದ ಈ ಪ್ರದೇಶವನ್ನು ಅರ್ಥಮಾಡಿಕೊಳ್ಳಲು ಇದಕ್ಕಿಂತ ಉಪಯುಕ್ತವಾದ ವಿವರಣೆ ಇಲ್ಲ. ಒಂದೇ ಕಣಿವೆಯೊಳಗೆ, ಸರೋವರದ ಅಂಚಿನಲ್ಲಿ ಸಾಗುವ ಸವಾರಿ ಸುಲಭ. ಒಂದು ಅರದಿಂದ ಪಕ್ಕದ ಅರಕ್ಕೆ ಹೋಗಬೇಕಾದರೆ ಮಾತ್ರ ಎರಡೇ ದಾರಿಗಳಿವೆ: ಗಾಲಿಯ ಹೊರಬಳೆಯವರೆಗೆ ಹೋಗಿ ಹತ್ತಾರು ಕಿಲೋಮೀಟರ್ ಸುತ್ತಿ ಬರುವುದು, ಇಲ್ಲವೇ ನಡುವಿನ ಏಣನ್ನು ಘಾಟಿಯ ಮೂಲಕ ದಾಟುವುದು. ಬಹಳಷ್ಟು ಏಣುಗಳಿಗೆ ರಸ್ತೆಯೇ ಇಲ್ಲ.

ಇರುವ ರಸ್ತೆಗಳು ಕಿರಿದಾಗಿವೆ. ಕಣಿವೆಗಳಲ್ಲಿ ಇಕ್ಕೆಲಗಳಲ್ಲೂ ಗಾರೆಯಿಲ್ಲದೆ ಪೇರಿಸಿದ ಕಲ್ಲುಗೋಡೆಗಳಿರುತ್ತವೆ. ಎದುರಿನಿಂದ ಬರುವ ವಾಹನ ತಿರುವಿನಲ್ಲಿ ಕಾಣುವುದಿಲ್ಲ. ಮೇಲೆ ಹೋದಂತೆ ಗೋಡೆಗಳು ಮುಗಿದು ಬೇಲಿಯಿಲ್ಲದ ಸಾಮುದಾಯಿಕ ಹುಲ್ಲುಗಾವಲು ಆರಂಭವಾಗುತ್ತದೆ. ಈ ಗಡಿಯಲ್ಲಿ ಕುರಿಗಳು ದಾಟದಂತೆ ರಸ್ತೆಗೆ ಅಡ್ಡಲಾಗಿ ಉಕ್ಕಿನ ಸಲಾಕೆಗಳ ಜಾಲರಿಯನ್ನು ಹಾಸಿರುತ್ತಾರೆ. ಮಳೆಯಲ್ಲಿ ಈ ಸಲಾಕೆಗಳು ಬಹಳ ಜಾರುವುದರಿಂದ ಹ್ಯಾಂಡಲ್ ತಿರುಗಿಸದೆ, ಬ್ರೇಕ್ ಹಿಡಿಯದೆ ನೇರವಾಗಿ ದಾಟಬೇಕಾಗುತ್ತದೆ.

ಹಾರ್ಡ್‌ನಾಟ್ ಮತ್ತು ರೈನೋಸ್

ಕರಾವಳಿಯ ಕಡೆಯ ಎಸ್ಕ್‌ಡೇಲ್ ಕಣಿವೆಯಿಂದ ಆಂಬಲ್‌ಸೈಡ್ ಕಡೆಗೆ ಹೋಗುವ ಏಕಪಥ ರಸ್ತೆಯಲ್ಲಿ ಒಂದರ ಹಿಂದೊಂದು ಬರುವ ಎರಡು ಘಾಟಿಗಳಿವು. ಎರಡರ ನೆತ್ತಿಯೂ 393 ಮೀಟರ್ ಎತ್ತರದಲ್ಲಿದೆ. ನಡುವೆ ರಸ್ತೆಯು ಡಡನ್ ನದಿಯ ಮೇಲ್ಕಣಿವೆಗೆ ಇಳಿದು ಮತ್ತೆ ಏರುತ್ತದೆ. ರೈನೋಸ್ ಘಾಟಿಯ ನೆತ್ತಿಯಲ್ಲಿರುವ ಕಲ್ಲು ಕಂಬರ್‌ಲ್ಯಾಂಡ್, ವೆಸ್ಟ್‌ಮೋರ್‌ಲ್ಯಾಂಡ್, ಲ್ಯಾಂಕಾಷೈರ್ ಎಂಬ ಮೂರು ಹಳೆಯ ಕೌಂಟಿಗಳು ಕೂಡುವ ಸ್ಥಳವನ್ನು ಗುರುತಿಸುತ್ತದೆ.

ದಾರಿ ಬಹಳ ಹಳೆಯದು. ಕರಾವಳಿಯ ರೇವನ್‌ಗ್ಲಾಸ್ ಬಂದರನ್ನು ಆಂಬಲ್‌ಸೈಡ್‌ನ ಕೋಟೆಯೊಂದಿಗೆ ಜೋಡಿಸಲು ರೋಮನ್ನರು ಈ ಘಾಟಿಗಳ ಮೂಲಕ ರಸ್ತೆ ಮಾಡಿದರು. ಚಕ್ರವರ್ತಿ ಹೇಡ್ರಿಯನ್‌ನ ಆಳ್ವಿಕೆಯಲ್ಲಿ, ಕ್ರಿ.ಶ. ಎರಡನೆಯ ಶತಮಾನದಲ್ಲಿ, ಹಾರ್ಡ್‌ನಾಟ್‌ನ ಪಶ್ಚಿಮ ಇಳಿಜಾರಿನಲ್ಲಿ ಕೋಟೆಯೊಂದು ನಿರ್ಮಾಣವಾಯಿತು. ಏಡ್ರಿಯಾಟಿಕ್ ಸಮುದ್ರದ ತೀರದ ಡಾಲ್ಮೇಷಿಯದಲ್ಲಿ ಮೊದಲು ಕಟ್ಟಿದ ಪಡೆಯೊಂದು ಇಲ್ಲಿ ನೆಲೆಸಿತ್ತೆಂದು ಶಾಸನದಿಂದ ತಿಳಿದುಬರುತ್ತದೆ. ಕೋಟೆಯ ಗೋಡೆಗಳ ಅವಶೇಷ ಇಂದಿಗೂ ರಸ್ತೆಯ ಪಕ್ಕದಲ್ಲಿದೆ. ರೋಮನ್ನರ ನಂತರ ಇದು ಹೇರುಕುದುರೆಗಳ ದಾರಿಯಾಗಿ ಉಳಿಯಿತು. ಎರಡನೆಯ ಮಹಾಯುದ್ಧದ ಸಮಯದಲ್ಲಿ ಸೇನೆಯು ಈ ಪ್ರದೇಶವನ್ನು ಟ್ಯಾಂಕ್ ಚಾಲನೆಯ ತರಬೇತಿಗೆ ಬಳಸಿದ್ದರಿಂದ ರಸ್ತೆ ಸಂಪೂರ್ಣವಾಗಿ ಹಾಳಾಯಿತು. ಯುದ್ಧಾನಂತರ ಅದನ್ನು ದುರಸ್ತಿ ಮಾಡಿ ಟಾರು ಹಾಕಲಾಯಿತು. ಇಂದಿನ ಸವಾರರು ತುಳಿಯುವ ರಸ್ತೆ ಹೀಗೆ ಬಂದದ್ದು.

ಹಾರ್ಡ್‌ನಾಟ್‌ನ ಪಶ್ಚಿಮದ ಏರು ಸುಮಾರು 2.2 ಕಿಲೋಮೀಟರ್ ಉದ್ದವಿದ್ದು, ಅಷ್ಟರಲ್ಲಿ ಹೆಚ್ಚುಕಡಿಮೆ 300 ಮೀಟರ್ ಮೇಲಕ್ಕೇರುತ್ತದೆ. ಸರಾಸರಿ ಏರು ಶೇ 13ರಷ್ಟು. ಆದರೆ ಸರಾಸರಿಯು ಇಲ್ಲಿ ದಾರಿ ತಪ್ಪಿಸುವ ಅಂಕಿ. ಕೋಟೆಯ ಬಳಿ ಸ್ವಲ್ಪ ಸಡಿಲವಾಗುವ ರಸ್ತೆ ಮೇಲ್ಭಾಗದ ತಿರುವುಗಳಲ್ಲಿ ಸುಮಾರು ಶೇ 33ಕ್ಕೆ, ಅಂದರೆ ಮೂರು ಮೀಟರ್ ಮುಂದೆ ಹೋಗುವಷ್ಟರಲ್ಲಿ ಒಂದು ಮೀಟರ್ ಮೇಲೇರುವ ಪ್ರಮಾಣಕ್ಕೆ ಮುಟ್ಟುತ್ತದೆ. ಇಂಗ್ಲೆಂಡಿನ ಅತಿ ಕಡಿದಾದ ರಸ್ತೆ ಎಂಬ ಹೆಸರಿಗೆ ಇದಕ್ಕೂ ಉತ್ತರ ಯಾರ್ಕ್‌ಷೈರ್‌ನ ರೋಸ್‌ಡೇಲ್ ಚಿಮ್ನಿ ಬ್ಯಾಂಕಿಗೂ ಪೈಪೋಟಿ ಇದೆ. ಹೋಲಿಕೆಗೆ, ಟೂರ್ ಡಿ ಫ್ರಾನ್ಸ್‌ನಿಂದ ಪ್ರಸಿದ್ಧವಾದ ಆಲ್ಪ್ಸ್ ಪರ್ವತದ ಆಲ್ಪ್ ಡ್ಯುಯೆಜ್ ಏರು ಇದರ ಆರು ಪಟ್ಟು ಉದ್ದವಿದ್ದರೂ 21 ಹಿಮ್ಮುರಿ ತಿರುವುಗಳ ಮೂಲಕ ಸರಾಸರಿ ಶೇ 8ರ ಆಸುಪಾಸಿನಲ್ಲಿ ಹತ್ತುತ್ತದೆ.

ಈ ವ್ಯತ್ಯಾಸದ ಅರ್ಥವನ್ನು ಲೆಕ್ಕದಲ್ಲಿ ನೋಡಬಹುದು. ಸವಾರ ಮತ್ತು ಸೈಕಲ್ಲಿನ ಒಟ್ಟು ತೂಕ 80 ಕಿಲೋಗ್ರಾಂ ಎಂದಿಟ್ಟುಕೊಂಡರೆ, ಶೇ 33ರ ಏರಿನಲ್ಲಿ ಗುರುತ್ವವು ಸುಮಾರು 246 ನ್ಯೂಟನ್ ಬಲದಿಂದ ಹಿಂದಕ್ಕೆ ಎಳೆಯುತ್ತದೆ. ಗಂಟೆಗೆ 6 ಕಿಲೋಮೀಟರ್, ಅಂದರೆ ಬಿರುಸು ನಡಿಗೆಯ ವೇಗದಲ್ಲಿ ಹತ್ತಬೇಕಾದರೂ 410 ವ್ಯಾಟ್‌ನಷ್ಟು ಶಕ್ತಿ ಬೇಕು. ಚೆನ್ನಾಗಿ ಪಳಗಿದ ಹವ್ಯಾಸಿ ಸವಾರರೂ ಇಷ್ಟು ಶಕ್ತಿಯನ್ನು ಕೆಲವೇ ನಿಮಿಷಗಳ ಕಾಲ ಕೊಡಬಲ್ಲರು. ಶೇ 8ರ ಏರಿನಲ್ಲಿ ಅದೇ ವೇಗಕ್ಕೆ 110 ವ್ಯಾಟ್ ಸಾಕಾಗುತ್ತದೆ. ದಣಿದವನು ನಿಧಾನಿಸಿ ಸುಧಾರಿಸಿಕೊಳ್ಳಬಹುದು. ಹಾರ್ಡ್‌ನಾಟ್‌ನಲ್ಲಿ ಹಾಗೆ ನಿಧಾನಿಸಲಾಗದು, ಏಕೆಂದರೆ ಅದಕ್ಕಿಂತ ವೇಗ ತಗ್ಗಿದರೆ ಸೈಕಲ್ಲಿನ ಸಮತೋಲ ಉಳಿಯುವುದು ಕಷ್ಟ. ಎದ್ದುನಿಂತು ತುಳಿದರೆ ತೂಕ ಮುಂದಕ್ಕೆ ಸರಿದು ಒದ್ದೆ ರಸ್ತೆಯಲ್ಲಿ ಹಿಂದಿನ ಚಕ್ರ ಜಾರುತ್ತದೆ. ಕುಳಿತೇ ತುಳಿದರೆ ಮುಂದಿನ ಚಕ್ರ ನೆಲ ಬಿಟ್ಟು ಏಳತೊಡಗುತ್ತದೆ. ಒಮ್ಮೆ ಕಾಲು ನೆಲಕ್ಕೂರಿದವರು ಅದೇ ಜಾಗದಿಂದ ಮತ್ತೆ ಹೊರಡುವುದು ಅಪರೂಪ. ಆದ್ದರಿಂದ ನಡುವೆ ಸೈಕಲ್ ತಳ್ಳಿಕೊಂಡು ನಡೆಯುವವರ ಸಾಲು ಈ ಘಾಟಿಯ ಸಾಮಾನ್ಯ ದೃಶ್ಯ. ಅದನ್ನು ಇಲ್ಲಿ ಯಾರೂ ಅವಮಾನವೆಂದು ಎಣಿಸುವುದಿಲ್ಲ.

ಗಿಯರಿನ ಪಾತ್ರವೂ ಇಲ್ಲಿ ಸ್ಪಷ್ಟವಾಗುತ್ತದೆ. ಹಿಂದಿನ ತಲೆಮಾರಿನ ರೇಸಿಂಗ್ ಸೈಕಲ್ಲುಗಳಲ್ಲಿ ಸಾಮಾನ್ಯವಾಗಿದ್ದ ಮುಂದೆ 39, ಹಿಂದೆ 25 ಹಲ್ಲುಗಳ ಜೋಡಣೆಯಲ್ಲಿ ಗಂಟೆಗೆ 6 ಕಿಲೋಮೀಟರ್ ವೇಗಕ್ಕೆ ಪೆಡಲ್ ನಿಮಿಷಕ್ಕೆ 30 ಸುತ್ತು ಮಾತ್ರ ತಿರುಗುತ್ತದೆ. ಪ್ರತಿ ಸುತ್ತೂ ಮೆಟ್ಟಿಲು ಹತ್ತಿದಷ್ಟು ಭಾರವಾಗುತ್ತದೆ. ಈಗ ದೊರೆಯುವ ಮುಂದೆ 34, ಹಿಂದೆ 34 ಹಲ್ಲುಗಳ ಜೋಡಣೆಯಲ್ಲಿ ಅದು 48 ಸುತ್ತುಗಳಿಗೆ ಏರುತ್ತದೆ. ಬೇಕಾದ ಶಕ್ತಿ ಕಡಿಮೆಯಾಗುವುದಿಲ್ಲ, ಮೊಣಕಾಲಿನ ಮೇಲೆ ಬೀಳುವ ಹೊರೆ ಕಡಿಮೆಯಾಗುತ್ತದೆ.

ಇಳಿಯುವುದು ಹತ್ತುವುದಕ್ಕಿಂತ ಅಪಾಯಕರ. 300 ಮೀಟರ್ ಇಳಿಯುವಾಗ 80 ಕಿಲೋಗ್ರಾಂ ತೂಕ ಬಿಟ್ಟುಕೊಡುವ ಶಕ್ತಿಯ ಬಹುಭಾಗ ಬ್ರೇಕ್‌ಗಳಲ್ಲಿ ಶಾಖವಾಗಿ ಪರಿಣಮಿಸುತ್ತದೆ. ಚಕ್ರದ ಅಂಚನ್ನು ಹಿಡಿಯುವ ಹಳೆಯ ಬಗೆಯ ಬ್ರೇಕ್‌ಗಳು ಮಳೆಯಲ್ಲಿ ತಡವಾಗಿ ಹಿಡಿತಕ್ಕೆ ಸಿಗುತ್ತವೆ. ಡಿಸ್ಕ್ ಬ್ರೇಕ್‌ಗಳು ಬಂದ ಮೇಲೆ ಈ ತೊಂದರೆ ತಗ್ಗಿದೆ; ಆದರೆ ಟೈರು ಮತ್ತು ಒದ್ದೆ ಟಾರಿನ ನಡುವಿನ ಹಿಡಿತ ಬ್ರೇಕ್‌ನಿಂದ ಹೆಚ್ಚುವುದಿಲ್ಲ. ತಿರುವಿನಲ್ಲಿ ಕಾರು ಎದುರಾದರೆ ನಿಲ್ಲಲು ಸ್ಥಳವೂ ಇರುವುದಿಲ್ಲ.

ಇತರ ಘಾಟಿಗಳು

ಮೋಟಾರು ರಸ್ತೆಯಿರುವ ಘಾಟಿಗಳಲ್ಲಿ ಅತಿ ಎತ್ತರವಾದದ್ದು ಕರ್ಕ್‌ಸ್ಟೋನ್ (454 ಮೀಟರ್). ನೆತ್ತಿಯ ಸಮೀಪದಲ್ಲಿರುವ ಚರ್ಚಿನ ಆಕಾರದ ಬಂಡೆಯಿಂದ ಇದಕ್ಕೆ ಈ ಹೆಸರು ಬಂದಿದೆ. ಅಲ್ಸ್‌ವಾಟರ್ ಕಡೆಯಿಂದಲೂ ವಿಂಡರ್ಮಿಯರ್ ಕಡೆಯಿಂದಲೂ ಇದನ್ನು ಹತ್ತಬಹುದು. ಆಂಬಲ್‌ಸೈಡ್‌ನಿಂದ ನೇರವಾಗಿ ಹತ್ತುವ ಮೂರನೆಯ ರಸ್ತೆಗೆ ‘ದಿ ಸ್ಟ್ರಗಲ್’, ಅಂದರೆ ‘ಹೆಣಗಾಟ’ ಎಂದೇ ಹೆಸರು. ಹಾನಿಸ್ಟರ್ (356 ಮೀಟರ್) ಬಾರೋಡೇಲ್ ಮತ್ತು ಬಟರ್ಮಿಯರ್ ಕಣಿವೆಗಳನ್ನು ಕೂಡಿಸುತ್ತದೆ; ಅದರ ಕಡಿದಾದ ಭಾಗ ಶೇ 25ನ್ನು ಮುಟ್ಟುತ್ತದೆ. ನೆತ್ತಿಯಲ್ಲಿ ಹಸಿರು ಸ್ಲೇಟುಕಲ್ಲಿನ ಗಣಿಯೊಂದು ಈಗಲೂ ಇದೆ. ಬಟರ್ಮಿಯರ್‌ನಿಂದ ಕೆಜಿಕ್ ಪಟ್ಟಣದ ಕಡೆಗೆ ನ್ಯೂಲ್ಯಾಂಡ್ಸ್ (333 ಮೀಟರ್) ದಾಟಬೇಕು. ಅರಣ್ಯದ ನಡುವೆ ಹೋಗುವ ವಿನ್‌ಲ್ಯಾಟರ್ (318 ಮೀಟರ್) ಇವುಗಳಲ್ಲಿ ಸೌಮ್ಯವಾದದ್ದು. ಹೊಸಬರು ಮೊದಲು ಇದನ್ನು ಹತ್ತಿ ನೋಡುವುದು ಒಳಿತು.

ಇತಿಹಾಸ

1847ರಲ್ಲಿ ರೈಲುಮಾರ್ಗ ವಿಂಡರ್ಮಿಯರ್‌ವರೆಗೆ ಬಂದಿತು. ಜನಸಂದಣಿಯಿಂದ ಈ ನೆಲದ ನೆಮ್ಮದಿ ಕೆಡುತ್ತದೆಂದು ವರ್ಡ್ಸ್‌ವರ್ತ್ 1844ರಲ್ಲಿ ಅದನ್ನು ಬಹಿರಂಗವಾಗಿ ವಿರೋಧಿಸಿದ್ದರು. ಈ ವಾದ ಬೇರೆ ಬೇರೆ ರೂಪಗಳಲ್ಲಿ ಇಂದಿಗೂ ಮುಗಿದಿಲ್ಲ. 1878ರಲ್ಲಿ ಸ್ಥಾಪನೆಯಾಗಿ ಮುಂದೆ ಸೈಕ್ಲಿಸ್ಟ್ಸ್ ಟೂರಿಂಗ್ ಕ್ಲಬ್ ಎಂಬ ಹೆಸರು ಪಡೆದ ಸಂಘಟನೆ ಬ್ರಿಟನ್ನಿನಲ್ಲಿ ಸೈಕಲ್ ಪ್ರವಾಸವನ್ನು ಬೆಳೆಸಿತು. 1930ರಲ್ಲಿ ಆರಂಭವಾದ ಇಂಗ್ಲೆಂಡ್ ಮತ್ತು ವೇಲ್ಸ್‌ನ ಯುವ ವಸತಿಗೃಹಗಳ ಸಂಘವು ಕಡಿಮೆ ಖರ್ಚಿನಲ್ಲಿ ತಂಗಲು ವ್ಯವಸ್ಥೆ ಮಾಡಿದ್ದರಿಂದ ಉತ್ತರದ ಕೈಗಾರಿಕಾ ನಗರಗಳ ದುಡಿಯುವ ಜನರಿಗೂ ವಾರಾಂತ್ಯದ ಸವಾರಿ ಸಾಧ್ಯವಾಯಿತು. ಹಾನಿಸ್ಟರ್‌ನ ನೆತ್ತಿಯಲ್ಲಿಯೂ ಅಂತಹ ವಸತಿಗೃಹವಿದೆ.

1968ರ ಗ್ರಾಮಾಂತರ ಕಾಯಿದೆಯು ಇಂಗ್ಲೆಂಡಿನಲ್ಲಿ ಕುದುರೆ ಸವಾರರ ಹಾದಿಗಳನ್ನು ಸೈಕಲ್ ಸವಾರರಿಗೂ ತೆರೆಯಿತು; ಪಾದಚಾರಿಗಳಿಗೂ ಕುದುರೆಗಳಿಗೂ ದಾರಿ ಬಿಡಬೇಕೆಂಬ ಷರತ್ತು ಅದರಲ್ಲಿದೆ. ಕೇವಲ ಕಾಲ್ನಡಿಗೆಗೆ ಮೀಸಲಾದ ಹಾದಿಗಳಿಗೆ ಈ ಹಕ್ಕು ಅನ್ವಯಿಸುವುದಿಲ್ಲ.

ಕರಾವಳಿ ಮತ್ತು ಕಡಲಿನಿಂದ ಕಡಲಿಗೆ ಮಾರ್ಗ

ರಾಷ್ಟ್ರೀಯ ಉದ್ಯಾನದೊಳಗಿರುವ ಒಂದೇ ಕರಾವಳಿ ಗ್ರಾಮ ರೇವನ್‌ಗ್ಲಾಸ್. ಅಲ್ಲಿಂದ ಉತ್ತರಕ್ಕೆ ಸೆಲ್ಲಾಫೀಲ್ಡ್ ಪರಮಾಣು ಸ್ಥಾವರದ ಬದಿಯಲ್ಲಿ, ಸೇಂಟ್ ಬೀಸ್, ವೈಟ್‌ಹೇವನ್ ಮತ್ತು ಹಳೆಯ ಕಲ್ಲಿದ್ದಲು ಬಂದರುಗಳ ಕಡೆಗೆ ಹೋಗುವ ದಾರಿಯಲ್ಲಿ ಬೆಟ್ಟಗಳ ಬದಲು ಗಾಳಿಯೇ ಸವಾರನ ಎದುರಾಳಿ. ರೇವನ್‌ಗ್ಲಾಸ್‌ನಿಂದ ಪೂರ್ವ ಕರಾವಳಿಯವರೆಗೆ ರೋಮನ್ ಗಡಿಯ ಅವಶೇಷಗಳನ್ನು ಅನುಸರಿಸುವ ಹೇಡ್ರಿಯನ್ಸ್ ಸೈಕಲ್‌ವೇ ಈ ತೀರದಲ್ಲಿಯೇ ಸಾಗುತ್ತದೆ. ದಕ್ಷಿಣದಲ್ಲಿ ಮೋರ್ಕಮ್ ಕೊಲ್ಲಿಯ ಅಂಚನ್ನು ಸುತ್ತುವ ಬೇ ಸೈಕಲ್ ವೇ ಸುಮಾರು 130 ಕಿಲೋಮೀಟರ್ ಉದ್ದವಿದ್ದು, ವಾಲ್ನಿ ದ್ವೀಪದಿಂದ ಆರಂಭವಾಗುತ್ತದೆ.

ಇವೆಲ್ಲಕ್ಕಿಂತ ಹೆಸರುವಾಸಿಯಾದುದು 1994ರಲ್ಲಿ ತೆರೆದ ‘ಸೀ ಟು ಸೀ’ ಮಾರ್ಗ. ಸಸ್‌ಟ್ರಾನ್ಸ್ ಎಂಬ ದತ್ತಿಸಂಸ್ಥೆ ಇದನ್ನು ರೂಪಿಸಿತು. ಪಶ್ಚಿಮ ತೀರದ ವೈಟ್‌ಹೇವನ್ ಅಥವಾ ವರ್ಕಿಂಗ್‌ಟನ್‌ನಿಂದ ಪೂರ್ವ ತೀರದ ಸಂಡರ್‌ಲ್ಯಾಂಡ್ ಅಥವಾ ಟೈನ್‌ಮತ್‌ವರೆಗೆ ಸುಮಾರು 225 ಕಿಲೋಮೀಟರ್. ಬಹುಪಾಲು ಸವಾರರು ಇದನ್ನು ಮೂರರಿಂದ ಐದು ದಿನಗಳಲ್ಲಿ ಮುಗಿಸುತ್ತಾರೆ. ಬೀಸುಗಾಳಿ ಹೆಚ್ಚಾಗಿ ಪಶ್ಚಿಮದಿಂದ ಬರುವುದರಿಂದ ಪಶ್ಚಿಮದಿಂದ ಪೂರ್ವಕ್ಕೆ ಹೋಗುವುದೇ ರೂಢಿ. ಹೊರಡುವಾಗ ಹಿಂದಿನ ಚಕ್ರವನ್ನು ಐರಿಷ್ ಸಮುದ್ರದಲ್ಲಿ, ಮುಟ್ಟಿದಾಗ ಮುಂದಿನ ಚಕ್ರವನ್ನು ಉತ್ತರ ಸಮುದ್ರದಲ್ಲಿ ಅದ್ದುವ ಸಂಪ್ರದಾಯ ಬೆಳೆದುಬಂದಿದೆ. ವೈಟ್‌ಹೇವನ್‌ನಿಂದ ಹೊರಟ ದಾರಿ ಮೊದಲು ಕಬ್ಬಿಣದ ಅದಿರು ಸಾಗಿಸುತ್ತಿದ್ದ ಹಳೆಯ ರೈಲುಮಾರ್ಗದ ಮೇಲೆ ಹೋಗುತ್ತದೆ. ಅನಂತರ ಲೋಸ್‌ವಾಟರ್ ಸರೋವರ, ವಿನ್‌ಲ್ಯಾಟರ್, ಕೆಜಿಕ್, ಪೆನ್ರಿತ್‌ಗಳನ್ನು ಹಾದು ಪೆನೈನ್ ಬೆಟ್ಟಸಾಲಿನ ಹಾರ್ಟ್‌ಸೈಡ್ ಘಾಟಿಯನ್ನು ಸುಮಾರು 580 ಮೀಟರ್ ಎತ್ತರದಲ್ಲಿ ದಾಟುತ್ತದೆ. ಹಾರ್ಟ್‌ಸೈಡ್ ಲೇಕ್ ಡಿಸ್ಟ್ರಿಕ್ಟ್‌ನ ಎಲ್ಲ ಘಾಟಿಗಳಿಗಿಂತ ಎತ್ತರ. ಆದರೆ ಅದರ ಏರು ದೀರ್ಘವೂ ಸಮನಾದದ್ದೂ ಆಗಿರುವುದರಿಂದ ಹಾರ್ಡ್‌ನಾಟ್‌ನಷ್ಟು ಬಾಧಿಸುವುದಿಲ್ಲ.

ಫ್ರೆಡ್ ವಿಟನ್ ಚಾಲೆಂಜ್ ಮತ್ತು ಸ್ಪರ್ಧೆಗಳು

ಲೇಕ್ಸ್ ರೋಡ್ ಕ್ಲಬ್‌ನ ಸ್ಪರ್ಧಾ ಕಾರ್ಯದರ್ಶಿಯಾಗಿದ್ದ ಫ್ರೆಡ್ ವಿಟನ್ 1998ರಲ್ಲಿ ತಮ್ಮ 50ನೆಯ ವಯಸ್ಸಿನಲ್ಲಿ ಕ್ಯಾನ್ಸರಿನಿಂದ ನಿಧನರಾದರು. ಅವರ ನೆನಪಿಗಾಗಿ 1999ರಲ್ಲಿ ಆರಂಭವಾದ ಒಂದು ದಿನದ ಸವಾರಿ ಇಂದು ಬ್ರಿಟನ್ನಿನ ಅತಿ ಕಠಿಣ ಸಾಮೂಹಿಕ ಸವಾರಿಗಳಲ್ಲೊಂದೆಂದು ಪರಿಗಣಿತವಾಗಿದೆ. ಮೊದಲು ಕಾನಿಸ್ಟನ್‌ನಿಂದ ಹೊರಡುತ್ತಿದ್ದ ಇದು ಈಗ ಗ್ರಾಸ್ಮಿಯರ್‌ನಿಂದ ಹೊರಡುತ್ತದೆ. ಉದ್ದ 112 ಮೈಲಿ (ಸುಮಾರು 180 ಕಿಲೋಮೀಟರ್); ಒಟ್ಟು ಏರು 3,500 ಮೀಟರಿಗೂ ಹೆಚ್ಚು. ಇದು ಸ್ಪರ್ಧೆಯಲ್ಲ, ಸಂಗ್ರಹವಾಗುವ ಹಣ ದತ್ತಿ ಕಾರ್ಯಗಳಿಗೆ ಹೋಗುತ್ತದೆ. ಬೇಡಿಕೆ ಹೆಚ್ಚಾದ್ದರಿಂದ ಚೀಟಿ ಎತ್ತಿ ಪ್ರವೇಶ ಕೊಡಲಾಗುತ್ತದೆ.

ಮಾರ್ಗದ ಕ್ರಮದಲ್ಲಿಯೇ ಅದರ ಕಾಠಿಣ್ಯವಿದೆ. ಕರ್ಕ್‌ಸ್ಟೋನ್, ಹಾನಿಸ್ಟರ್, ನ್ಯೂಲ್ಯಾಂಡ್ಸ್, ವಿನ್‌ಲ್ಯಾಟರ್‌ಗಳನ್ನು ದಾಟಿ, ಕರಾವಳಿಯ ಕಡೆಯ ಕೋಲ್ಡ್ ಫೆಲ್ ಬಯಲನ್ನು ಹಾದು, 150 ಕಿಲೋಮೀಟರಿಗೂ ಹೆಚ್ಚು ತುಳಿದ ಮೇಲೆ ಹಾರ್ಡ್‌ನಾಟ್ ಎದುರಾಗುತ್ತದೆ. ಅದರ ಹಿಂದೆಯೇ ರೈನೋಸ್. ದಿನದ ಆರಂಭದಲ್ಲಿ ಶಕ್ತಿಯನ್ನು ಉಳಿಸಿಕೊಳ್ಳದವರಿಗೆ ಇಲ್ಲಿ ನಡೆಯುವುದೊಂದೇ ಉಪಾಯ.

ವೃತ್ತಿಪರರ ಟೂರ್ ಆಫ್ ಬ್ರಿಟನ್ ಸ್ಪರ್ಧೆಯೂ ಹಲವು ಬಾರಿ ಇಲ್ಲಿ ಹಾದುಹೋಗಿದೆ. 2016ರಲ್ಲಿ ಕಾರ್ಲೈಲ್‌ನಿಂದ ಕೆಂಡಲ್‌ವರೆಗಿನ ಹಂತದಲ್ಲಿ ಸ್ಟ್ರಗಲ್ ಏರು ಸೇರಿತ್ತು. 2018ರಲ್ಲಿ ಎರಡು ಹಂತಗಳು ವಿನ್‌ಲ್ಯಾಟರ್‌ನ ಮೇಲೆ ಮುಗಿದವು: ಮೊದಲನೆಯದು ಕಾಕರ್ಮತ್‌ನಿಂದ ಹೊರಟ ತಂಡಗಳ ಕಾಲಸ್ಪರ್ಧೆ, ಎರಡನೆಯದು ಬ್ಯಾರೋದಿಂದ ಬಂದು ಅದೇ ಘಾಟಿಯನ್ನು ಎರಡು ಬಾರಿ ಹತ್ತಿದ ಹಂತ. ಎರಡನೆಯದನ್ನು ಡಚ್ ಸವಾರ ವೌಟ್ ಪೂಲ್ಸ್ ಗೆದ್ದರು. ಒಟ್ಟಾರೆ ಸ್ಪರ್ಧೆ ಫ್ರಾನ್ಸಿನ ಜುಲಿಯಾನ್ ಅಲಾಫಿಲಿಪ್ ಅವರ ಪಾಲಾಯಿತು.

2015ರ ನೆರೆ ಮತ್ತು ಕೆಜಿಕ್ ರೈಲುಹಾದಿ

ಕೆಜಿಕ್‌ನಿಂದ ತ್ರೆಲ್ಕೆಲ್ಡ್‌ವರೆಗೆ ಗ್ರೀಟಾ ನದಿಯನ್ನು ಮತ್ತೆ ಮತ್ತೆ ದಾಟುತ್ತ ಹೋಗುವ ಹಾದಿ, 1972ರಲ್ಲಿ ಮುಚ್ಚಿದ ರೈಲುಮಾರ್ಗದ ಮೇಲಿದೆ. ಬೆಟ್ಟಗಳ ನಡುವೆ ಹೆಚ್ಚು ಏರಿಳಿತವಿಲ್ಲದೆ, ವಾಹನಗಳ ಭಯವಿಲ್ಲದೆ ಸೈಕಲ್ ತುಳಿಯಬಹುದಾದ ವಿರಳ ಸ್ಥಳಗಳಲ್ಲಿ ಇದೂ ಒಂದು. ಸೀ ಟು ಸೀ ಮಾರ್ಗದ ಭಾಗವೂ ಹೌದು.

2015ರ ಡಿಸೆಂಬರ್ 5ರಂದು ಡೆಸ್ಮಂಡ್ ಚಂಡಮಾರುತದ ಸಮಯದಲ್ಲಿ ಹಾನಿಸ್ಟರ್ ಘಾಟಿಯಲ್ಲಿ 24 ಗಂಟೆಗಳಲ್ಲಿ 341.4 ಮಿಲಿಮೀಟರ್ ಮಳೆ ದಾಖಲಾಯಿತು. ಬ್ರಿಟನ್ನಿನಲ್ಲಿ ಅದುವರೆಗೆ ಒಂದು ದಿನದ ಅವಧಿಯಲ್ಲಿ ಅಷ್ಟು ಮಳೆ ದಾಖಲಾಗಿರಲಿಲ್ಲ. ಗ್ರೀಟಾ ನದಿಯ ಪ್ರವಾಹದಲ್ಲಿ ರೈಲುಹಾದಿಯ ಸೇತುವೆಗಳು ಕೊಚ್ಚಿಹೋದವು. ಗ್ರಾಸ್ಮಿಯರ್ ಮತ್ತು ಕೆಜಿಕ್‌ಗಳನ್ನು ಜೋಡಿಸುವ ಮುಖ್ಯ ರಸ್ತೆಯೂ ಕುಸಿಯಿತು. ವಾಹನಗಳ ಆ ರಸ್ತೆ 2016ರ ಮೇ ತಿಂಗಳಲ್ಲಿ ತೆರೆಯಿತು. ಸೈಕಲ್ ಸವಾರರ ಮತ್ತು ಪಾದಚಾರಿಗಳ ಹಾದಿ ಮತ್ತೆ ತೆರೆದದ್ದು 2020ರ ಡಿಸೆಂಬರ್‌ನಲ್ಲಿ. ಆ ಐದು ವರ್ಷ ಸವಾರರು ಬೇರೆ ರಸ್ತೆಗಳನ್ನು ಸುತ್ತಿ ಹೋಗಬೇಕಾಯಿತು.

ಹೊಸ ಹಾದಿಗೆ ಟಾರು ಹಾಕಿದ್ದು ವಿವಾದಕ್ಕೆ ಕಾರಣವಾಯಿತು. ಹಳ್ಳಿಗಾಡಿನ ಹಾದಿಯ ಸ್ವರೂಪ ಕೆಡುತ್ತದೆ, ಸೈಕಲ್ಲುಗಳ ವೇಗ ಹೆಚ್ಚಿ ನಡೆಯುವವರಿಗೆ ತೊಂದರೆಯಾಗುತ್ತದೆ ಎಂಬುದು ವಿರೋಧಿಗಳ ವಾದ. ಗಾಲಿಕುರ್ಚಿ ಬಳಸುವವರಿಗೂ ಚಿಕ್ಕ ಮಕ್ಕಳ ಗಾಡಿಗಳಿಗೂ ಹಾದಿ ತೆರೆಯಬೇಕಾದರೆ ಗಟ್ಟಿಯಾದ ಮೇಲ್ಮೈ ಬೇಕು ಎಂಬುದು ಉದ್ಯಾನ ಪ್ರಾಧಿಕಾರದ ನಿಲುವು.

ರಸ್ತೆಯ ಹಂಚಿಕೆ

ಪ್ರವಾಸಿಗರಲ್ಲಿ ಬಹುಪಾಲು ಜನ ಕಾರಿನಲ್ಲಿಯೇ ಬರುತ್ತಾರೆ. ಬೇಸಿಗೆಯ ರಜೆಯಲ್ಲಿ ವಿಂಡರ್ಮಿಯರ್, ಆಂಬಲ್‌ಸೈಡ್ ಮತ್ತು ಗ್ರಾಸ್ಮಿಯರ್‌ಗಳನ್ನು ಜೋಡಿಸುವ ಮುಖ್ಯ ರಸ್ತೆ ಸೈಕಲ್ಲಿಗೆ ಹಿತಕರವಲ್ಲ. ಸರೋವರದ ಪಶ್ಚಿಮ ದಂಡೆಯ ಶಾಂತವಾದ ರಸ್ತೆಗಳನ್ನು ತಲುಪಲು ಬೌನೆಸ್ ಬಳಿ ಹಗ್ಗದ ಆಧಾರದಲ್ಲಿ ಸಾಗುವ ಹಾಯಿದೋಣಿಯಲ್ಲದ ಯಂತ್ರಚಾಲಿತ ಕಡವು ಇದ್ದು, ಅದರಲ್ಲಿ ಸೈಕಲ್ಲುಗಳನ್ನೂ ಒಯ್ಯಬಹುದು. 2022ರ ಜನವರಿಯಲ್ಲಿ ಬದಲಾದ ಬ್ರಿಟನ್ನಿನ ಹೆದ್ದಾರಿ ಸಂಹಿತೆಯು, ಗಂಟೆಗೆ 30 ಮೈಲಿವರೆಗಿನ ವೇಗದಲ್ಲಿ ಸೈಕಲ್ಲನ್ನು ಹಿಂದಿಕ್ಕುವಾಗ ಕನಿಷ್ಠ 1.5 ಮೀಟರ್ ಅಂತರ ಬಿಡಬೇಕೆಂದು ಚಾಲಕರಿಗೆ ಸೂಚಿಸುತ್ತದೆ. ಎರಡು ಕಲ್ಲುಗೋಡೆಗಳ ನಡುವಿನ ಏಕಪಥ ರಸ್ತೆಯಲ್ಲಿ ಅಷ್ಟು ಜಾಗವೇ ಇರುವುದಿಲ್ಲ. ಆದ್ದರಿಂದ ಇಲ್ಲಿ ಈ ಸೂಚನೆಯನ್ನು ಪಾಲಿಸುವುದೆಂದರೆ ಅಗಲವಾದ ಎಡೆ ಸಿಗುವವರೆಗೆ ಹಿಂದೆಯೇ ಕಾಯುವುದು ಎಂದರ್ಥ.

ರಸ್ತೆಯನ್ನು ಬಳಸುವ ಇನ್ನೊಂದು ವರ್ಗ ಹರ್ಡ್‌ವಿಕ್ ತಳಿಯ ಕುರಿಗಳು. ಬೇಲಿಯಿಲ್ಲದ ಬೆಟ್ಟದಲ್ಲಿಯೂ ತಾಯಿಯಿಂದ ಮರಿ ಕಲಿತ ತಮ್ಮದೇ ಮೇವಿನ ಎಲ್ಲೆಯೊಳಗೆ ಉಳಿಯುವುದು ಇವುಗಳ ವಿಶೇಷ. ವಸಂತದಲ್ಲಿ ತಾಯಿ ರಸ್ತೆಯ ಒಂದು ಬದಿಯಲ್ಲಿ, ಮರಿ ಇನ್ನೊಂದು ಬದಿಯಲ್ಲಿ ಕಂಡರೆ ಮರಿ ಅಡ್ಡ ಓಡುವುದೆಂದೇ ತಿಳಿದು ಬ್ರೇಕ್ ಹಿಡಿಯಬೇಕು.

ಸವಾರಿಗೆ ಮೇ ತಿಂಗಳಿನಿಂದ ಸೆಪ್ಟೆಂಬರ್‌ವರೆಗಿನ ಕಾಲ ಅನುಕೂಲಕರ. ಅಂದು ಕೂಡ ಕಣಿವೆಯಲ್ಲಿ ಬಿಸಿಲಿದ್ದು ಘಾಟಿಯ ಮೇಲೆ ಮಂಜು, ಮಳೆ ಇರುವುದು ಸಾಮಾನ್ಯ. ಚಳಿಗಾಲದಲ್ಲಿ ಹಾರ್ಡ್‌ನಾಟ್ ಮತ್ತು ರೈನೋಸ್ ರಸ್ತೆಗಳು ಮಂಜುಗಡ್ಡೆಯಿಂದಾಗಿ ಆಗಾಗ ಸಂಚಾರಕ್ಕೆ ಅಯೋಗ್ಯವಾಗುತ್ತವೆ. ರೈಲಿನಲ್ಲಿ ಬರುವವರಿಗೆ ಪೂರ್ವದಲ್ಲಿ ಆಕ್ಸೆನ್‌ಹೋಮ್ ಮತ್ತು ಪೆನ್ರಿತ್, ಪಶ್ಚಿಮದಲ್ಲಿ ಕಾರ್ಲೈಲ್‌ನಿಂದ ಬ್ಯಾರೋವರೆಗೆ ತೀರದುದ್ದಕ್ಕೂ ಸಾಗುವ ಮಾರ್ಗದ ವೈಟ್‌ಹೇವನ್ ಮತ್ತು ರೇವನ್‌ಗ್ಲಾಸ್ ನಿಲ್ದಾಣಗಳು ಹತ್ತಿರವಾಗುತ್ತವೆ.